ಲಾರಿಯ ಬೆಲೆ ಮೂವತ್ತೈದು ಸೆಂಟು

ಲೊಕಾಡಿಯಾ ಸಗೊಂಡಾ ಒಂದು ಕಡೆ ಕೂತು ಅಭ್ಯಾಸವಿದ್ದ ಹೆಂಗಸಲ್ಲ. ಮುತಾರೆಯ ಮರದ ಮಿಲ್ಲಿನಲ್ಲಿ ಹದಿನೇಳು ವರ್ಷದಿಂದ ಲೆಕ್ಕ ಬರೆಯುತ್ತಿದ್ದರೂ ಅವಳ ಕುರ್ಚಿಯ ದಿಂಬು ಅಂಗಡಿಯಿಂದ ಬಂದ ದಿನ ಇದ್ದಂತೆಯೇ ಉಬ್ಬಿಕೊಂಡಿದೆ ಎಂದು ಆಫೀಸಿನವರು ನಗುತ್ತಿದ್ದರು. ಅವಳ ಪಾಲಿಗೆ ಬಂದದ್ದು ಆಸ್ತಿಯ ಲೆಕ್ಕ. ಗರಗಸ, ಬಾಯ್ಲರು, ಲಾರಿ, ಕಪಾಟು, ಗೋಡೆ ಗಡಿಯಾರ, ಮಿಲ್ಲಿಗೆ ಸೇರಿದ ಉಸಿರಿಲ್ಲದ ವಸ್ತು ಯಾವುದೇ ಇರಲಿ, ಅದನ್ನು ಯಾವಾಗ ಕೊಂಡದ್ದು, ಎಷ್ಟಕ್ಕೆ, ಎಷ್ಟು ಸವೆದಿದೆ, ಪುಸ್ತಕದಲ್ಲಿ ಅದರ ಬೆಲೆ ಈಗ ಏನು ಎಂದು ಹೇಳಬೇಕಾದವಳು ಅವಳು. ಕಾಗದದಲ್ಲಿ ಇದೆ ಎಂದ ಮಾತ್ರಕ್ಕೆ ನಂಬುವವರ ಪೈಕಿಯೂ ಅಲ್ಲ. ಹೋಗಿ ಮುಟ್ಟಿ, ಮೈಮೇಲೆ ಬರೆದ ಸಂಖ್ಯೆ ಓದಿ, ಧೂಳು ಒರೆಸಿ ಬಂದರೇ ಸಮಾಧಾನ. ಆ ಸಮಾಧಾನವೂ ಸಂಜೆಯವರೆಗೆ ಬಾಳುತ್ತಿರಲಿಲ್ಲ.

ತಪ್ಪು ಅವಳೊಬ್ಬಳದೇ ಎನ್ನುವಂತಿಲ್ಲ. ನಮ್ಮ ದೇಶದಲ್ಲಿ ದುಡ್ಡಿನ ಲೆಕ್ಕ ಬರೆಯುವವರಿಗೆ ನೆಮ್ಮದಿಯೆಂಬುದು ಸಂಬಳದ ಜತೆ ಬರುವ ವಸ್ತುವಲ್ಲ. ದುಡ್ಡಿಗೆ ಹೆಸರಿಡುವುದರಲ್ಲಿ ನಮ್ಮಷ್ಟು ಧಾರಾಳಿಗಳು ಯಾರೂ ಇಲ್ಲ. ಇಟ್ಟ ಹೆಸರು ಬಾಯಿಗೆ ರೂಢಿಯಾಗುವಷ್ಟರಲ್ಲಿ ಆ ದುಡ್ಡು ಸತ್ತಿರುತ್ತದೆ. ಲೊಕಾಡಿಯಾಳ ಕೈಚೀಲದಲ್ಲಿ ಒಂದು ನೀಲಿ ಪುಸ್ತಕ ಇರುತ್ತಿತ್ತು. ದಿನಾ ಬೆಳಿಗ್ಗೆ ಅದರಲ್ಲಿ ಅಮೆರಿಕದ ಒಂದು ಡಾಲರಿಗೆ ಮೂರು ದರ ಬರೆಯುವಳು: ಬ್ಯಾಂಕು ಹೇಳಿದ್ದು, ಬೀದಿಯ ದಲ್ಲಾಳಿಗಳು ಹೇಳಿದ್ದು, ಸಕುಬ್ವಾ ಸಂತೆಯ ಬಾಗಿಲಲ್ಲಿ ಬ್ರೆಡ್ಡು ಮಾರುವ ಹೆಂಗಸು ಹೇಳಿದ್ದು. ಮೂರನೆಯದೇ ಸತ್ಯಕ್ಕೆ ಹತ್ತಿರ ಎಂದು ಅವಳ ಅನುಭವ.

ಎರಡು ಸಾವಿರದ ಇಪ್ಪತ್ತನಾಲ್ಕರ ಏಪ್ರಿಲ್ ಮೊದಲ ವಾರ ಸರ್ಕಾರ ನಮ್ಮೂರ ಹಳೆಯ ಡಾಲರನ್ನು ಎತ್ತಿಹಾಕಿ ಜಿಗ್ ಎಂಬ ಹೊಸ ದುಡ್ಡನ್ನು ತಂದಿತು. ನೋಟು ತಿಂಗಳ ಕೊನೆಗೆ ಬರುತ್ತದಂತೆ, ಅಲ್ಲಿಯವರೆಗೆ ಅದು ಕಣ್ಣಿಗೆ ಕಾಣದ ದೇವರು. ಕೊಂಬಿ ವ್ಯಾನಿನ ಕಂಡಕ್ಟರುಗಳು ಹಳೆಯದನ್ನು ಮುಟ್ಟುವುದಿಲ್ಲ, ಹೊಸದನ್ನು ನೋಡಿಲ್ಲ. ಅಮೆರಿಕದ ಡಾಲರು ಕೊಟ್ಟರೆ ಚಿಲ್ಲರೆಗೆ ಬದಲು ಎರಡು ಪೆನ್ನು ಕೊಡುತ್ತಿದ್ದರು. ಆ ತಿಂಗಳು ಊರಿನಲ್ಲಿ ಬರೆಯುವ ಕೆಲಸಕ್ಕಿಂತ ಪೆನ್ನುಗಳೇ ಹೆಚ್ಚಾದವು.

ಮಿಲ್ಲಿನ ಹಳೆಯ ಲೆಕ್ಕದ ಸಾಫ್ಟ್‌ವೇರಿಗೆ ಈ ಹೊಸ ಹೆಸರು ಅರಗಲಿಲ್ಲ. ಹರಾರೆಯಲ್ಲಿ ಕೂತ ಮೂವರು ನಿರ್ದೇಶಕರು ಹೊಸದೊಂದನ್ನು ಕೊಂಡರು. ಇನ್ನು ಮೇಲೆ ಎಲ್ಲ ಆಸ್ತಿಯ ಲೆಕ್ಕವೂ ಅಮೆರಿಕದ ಡಾಲರಿನಲ್ಲೇ ಇರಬೇಕು, ತಿಂಗಳೊಳಗೆ ಸಿದ್ಧವಾಗಬೇಕು ಎಂದು ಅಪ್ಪಣೆ ಬಂತು. ಯಾವ ಯಾವ ಕರೆನ್ಸಿ ಉಂಟು, ಯಾವುದು ಮೂಲ, ಯಾವ ದಿನ ಯಾವುದಕ್ಕೆ ಎಷ್ಟು ದರ ಎಂಬುದನ್ನೆಲ್ಲ ಮೊದಲು ಅದಕ್ಕೆ ಕಲಿಸಬೇಕು. ಆ ಕೆಲಸ ಲೊಕಾಡಿಯಾಳ ತಲೆಗೆ ಬಂತು. ಅವಳಿಗೆ ಅದೇನೂ ಕಷ್ಟವಲ್ಲ. ನೀಲಿ ಪುಸ್ತಕಗಳೇ ಹನ್ನೊಂದು ಇದ್ದವು.

ಕಷ್ಟ ಬಂದದ್ದು ಒಂದೇ ಒಂದು ಪ್ರಶ್ನೆಯಿಂದ. ಹಳೆಯ ಆಸ್ತಿಗಳನ್ನು ಅಮೆರಿಕದ ಡಾಲರಿಗೆ ತಿರುಗಿಸುವಾಗ ಕೊಂಡ ದಿನದ ದರ ಹಿಡಿಯಲೋ, ಇವತ್ತಿನ ದರ ಹಿಡಿಯಲೋ ಎಂದು ಸಾಫ್ಟ್‌ವೇರು ಕೇಳಿತು. ಎರಡರಲ್ಲಿ ಒಂದಕ್ಕೆ ಗುರುತು ಹಾಕಬೇಕು. ಹಾಕಿದ್ದು ಇಡೀ ಮಿಲ್ಲಿಗೆ ಅನ್ವಯ.

ಓದುವವರಿಗೆ ಇದು ಸಣ್ಣ ವಿಷಯ ಅನ್ನಿಸಬಹುದು. ಐದು ವರ್ಷ ಹಿಂದಕ್ಕೆ ಹೋದರೆ ಅನ್ನಿಸುವುದಿಲ್ಲ. ಅದಕ್ಕೂ ಮೊದಲು ಹತ್ತು ವರ್ಷ ನಾವು ಬಳಸಿದ್ದು ಅಮೆರಿಕದ ಡಾಲರನ್ನೇ. ಎರಡು ಸಾವಿರದ ಹತ್ತೊಂಬತ್ತರ ಫೆಬ್ರವರಿಯಲ್ಲಿ ಒಂದು ದಿನ, ಬ್ಯಾಂಕಿನಲ್ಲಿರುವ ನಿಮ್ಮ ಡಾಲರುಗಳೆಲ್ಲ ಇನ್ನು ನಮ್ಮೂರ ಡಾಲರು, ಒಂದಕ್ಕೆ ಒಂದು ಎಂದು ಕಾನೂನು ಬಂತು. ಲೊಕಾಡಿಯಾ ಅಂದು ಹಳೆಯ ಸಾಫ್ಟ್‌ವೇರಿನಲ್ಲಿ ದರ ಎಂಬ ಮನೆಯಲ್ಲಿ ‘ಒಂದು’ ಎಂದು ಒತ್ತಿದಳು. ಒಂದೇ ಬೆರಳು, ಒಂದೇ ಸಲ. ಆಮೇಲೆ ಊರ ಡಾಲರು ಬಾವಿಗೆ ಬಿದ್ದ ಕೊಡದಂತೆ ಕೆಳಕ್ಕೆ ಹೋಯಿತು. ಕೊನೆಗೆ ಒಂದು ಅಮೆರಿಕದ ಡಾಲರಿಗೆ ಮೂವತ್ತಮೂರು ಸಾವಿರ ದಾಟಿತು. ಪುಸ್ತಕದ ಅಂಕಿಗಳು ಮಾತ್ರ ಎಮ್ಮೆಯ ಮೇಲೆ ಮಳೆ ಸುರಿದಂತೆ ಹಾಗೇ ನಿಂತಿದ್ದವು. ಹೀಗೆ ಬರೆಯುವುದು ಸರಿಯಲ್ಲ ಎಂದು ಲೆಕ್ಕಪರಿಶೋಧಕರು ಪ್ರತಿ ವರ್ಷ ಒಂದು ಪ್ಯಾರಾ ಬರೆಯುತ್ತಿದ್ದರು. ಪ್ರತಿ ವರ್ಷ ಅದನ್ನು ಯಾರೂ ಓದುತ್ತಿರಲಿಲ್ಲ.

ಓದದಿದ್ದರೂ ನಡೆಯುತ್ತಿತ್ತು, ಮಿಲ್ಲು ಕಟ್ಟಿದ ಮುದುಕನ ಪದ್ಧತಿಯೊಂದು ಇಲ್ಲದಿದ್ದರೆ. ಕೆಲಸದಿಂದ ನಿವೃತ್ತಿಯಾಗುವವನು ತಾನು ದುಡಿದ ಉಪಕರಣವನ್ನು ಪುಸ್ತಕದ ಬೆಲೆಗೆ ಕೊಂಡುಕೊಂಡು ಹೋಗಬಹುದು ಎಂದು ಅವನು ನಿಯಮ ಬರೆದಿಟ್ಟು ಸತ್ತಿದ್ದ. ಬಡಗಿ ಉಳಿಪೆಟ್ಟಿಗೆ ಒಯ್ಯುವನು, ಟೈಪಿಸ್ಟು ಮೇಜು ಒಯ್ಯುವಳು. ಮೂವತ್ತು ವರ್ಷದ ಸವೆತ ಕಳೆದ ಮೇಲೆ ಬೆಲೆ ಎಷ್ಟಿದ್ದೀತು? ಎಲ್ಲರಿಗೂ ಖುಷಿ ಕೊಡುವ ಪದ್ಧತಿ ಅದು.

ಈ ಏಪ್ರಿಲ್ ಮೂವತ್ತಕ್ಕೆ ನಿವೃತ್ತಿಯಾಗಬೇಕಾಗಿದ್ದವನು ಎಲ್ಫಾಸ್ ಮತಿಕಿತಿ, ದಿಮ್ಮಿ ಸಾಗಿಸುವ ಏಳನೆಯ ನಂಬರಿನ ಲಾರಿಯ ಚಾಲಕ. ಕೋತಿಯ ಕುಲದವನಾದ್ದರಿಂದ ಊರೆಲ್ಲ ಅವನನ್ನು ಗೌರವದಿಂದ ಸೋಕೊ ಎಂದು ಕರೆಯುತ್ತಿತ್ತು. ಲೊಕಾಡಿಯಾಳ ಮನೆತನಕ್ಕೆ ಅವನು ಸಹ್ವಿರಾ. ಅಂದರೆ ರಕ್ತಸಂಬಂಧವಿಲ್ಲ, ಆದರೆ ಅದಕ್ಕಿಂತ ಹೆಚ್ಚು. ಆ ಮನೆಯವರನ್ನು ಯಾವ ಸಭೆಯಲ್ಲಾದರೂ ಹಂಗಿಸುವ ಹಕ್ಕು ಅವನಿಗಿದೆ, ಸಿಟ್ಟಾಗುವ ಹಕ್ಕು ಅವರಿಗಿಲ್ಲ. ಅವಳ ಅಪ್ಪ ತೀರಿಕೊಂಡಾಗ ಮತಿಕಿತಿ ಸತ್ತವನ ಕೋಟು ತೊಟ್ಟು ಹೆಣದ ಮುಂದೆ ನಿಂತು, ಬಾಕಿ ಇರುವ ಎರಡು ಬಾಟಲಿ ಬಿಯರು ಕೊಟ್ಟು ಹೋಗು ಎಂದು ಜಗಳ ತೆಗೆದಿದ್ದ. ಅಳುತ್ತಿದ್ದ ಅವಳ ತಾಯಿ ಹೊಟ್ಟೆ ಹಿಡಿದು ನಕ್ಕಿದ್ದಳು. ಆ ನಗು ಇಲ್ಲದಿದ್ದರೆ ತಾಯಿ ಆ ವಾರವನ್ನು ದಾಟುತ್ತಿರಲಿಲ್ಲ ಎಂದು ಲೊಕಾಡಿಯಾ ಇಂದಿಗೂ ಹೇಳುತ್ತಾಳೆ.

ಮತಿಕಿತಿಗೆ ಏಳನೆಯ ಲಾರಿ ಬೇಕಾಗಿತ್ತು. ಅಮೆರಿಕದ ಡಾಲರಿನ ಕಾಲದಲ್ಲಿ ನಲವತ್ತೆಂಟು ಸಾವಿರಕ್ಕೆ ಕೊಂಡ ಲಾರಿ. ಸವೆತ ಕಳೆದು ಪುಸ್ತಕದಲ್ಲಿ ಹನ್ನೊಂದು ಸಾವಿರದ ಎಂಟುನೂರ ಅರವತ್ತು ಉಳಿದಿತ್ತು. ಊರ ಡಾಲರಿನಲ್ಲಿ. ಇವತ್ತಿನ ದರ ಹಿಡಿದರೆ ಅಮೆರಿಕದ ಮೂವತ್ತೈದು ಸೆಂಟು, ಅಂದರೆ ಬ್ರೆಡ್ಡಿನ ಮೂರರಲ್ಲೊಂದು ಪಾಲು. ಈ ಲೆಕ್ಕವನ್ನು ಅವನು ಜನವರಿಯಲ್ಲೇ ಯಾರಿಂದಲೋ ತಿಳಿದುಕೊಂಡಿದ್ದ. ಎರಡು ಎತ್ತು ಮಾರಿ ಆರು ಟೈರು ಕೊಂಡಿದ್ದ. ಹೊಂಡೆ ಕಣಿವೆಯ ಬಾಳೆಕಾಯಿ ಬೆಳೆಗಾರರಿಗೆ ಮೇ ತಿಂಗಳಿಂದ ಸಾಗಿಸುತ್ತೇನೆ ಎಂದು ಮಾತೂ ಕೊಟ್ಟಿದ್ದ. ಲಾರಿ ಬಿಟ್ಟರೆ ಅವನಿಗೆ ಬೇರೆ ಏನೂ ಇರಲಿಲ್ಲ. ಮಿಲ್ಲಿನ ಉಳಿತಾಯ ನಿಧಿಯಲ್ಲಿದ್ದ ಅವನ ಹಣಕ್ಕೂ ಆ ಫೆಬ್ರವರಿಯ ‘ಒಂದು’ ಬಡಿದಿತ್ತು. ಆ ಫೆಬ್ರವರಿಯ ಹಿಂದಿನ ವರ್ಷವೇ ಬೇರೆಯವರು ಮೂಗಿಗೆ ವಾಸನೆ ಬಡಿದು ಹಣ ತೆಗೆದು ತಗಡೋ ದನವೋ ಕೊಂಡಿದ್ದರು. ಇವನು ಮಿಲ್ಲನ್ನು ನಂಬಿ ಬಿಟ್ಟಿದ್ದ.

ಲೊಕಾಡಿಯಾ ಮೊದಲು ಸಂತೋಷಪಟ್ಟಳು ಎಂಬುದನ್ನು ಮುಚ್ಚಿಡಬೇಕಾಗಿಲ್ಲ. ಆ ಹಾಳು ‘ಒಂದು’ ಸೋಕೊನ ಉಳಿತಾಯವನ್ನು ತಿಂದಿತು, ಈಗ ಅದೇ ‘ಒಂದು’ ಅವನಿಗೆ ಲಾರಿ ಕೊಡಲಿ, ಇದೂ ಒಂದು ನ್ಯಾಯವೇ ಎಂದುಕೊಂಡಳು. ಇವತ್ತಿನ ದರ ಎಂಬ ಕಡೆಗೆ ಬೆರಳನ್ನೂ ಒಯ್ದಿದ್ದಳು.

ಅಷ್ಟರಲ್ಲಿ ಹಣಕಾಸಿನ ಮ್ಯಾನೇಜರು ವೆಲಿಂಗ್ಟನ್ ಚಿಟಾಕಾ ಅವಳನ್ನು ಕೋಣೆಗೆ ಕರೆದ. ನಾನೂ ಈ ತಿಂಗಳ ಕೊನೆಗೆ ಅವಧಿಗೆ ಮುಂಚೆಯೇ ನಿವೃತ್ತಿ ತೆಗೆದುಕೊಳ್ಳುತ್ತಿದ್ದೇನೆ, ಈ ಪಟ್ಟಿಯ ವಸ್ತುಗಳಿಗೆ ಪುಸ್ತಕದ ಬೆಲೆ ತೆಗೆದುಕೊಡು ಎಂದು ಒಂದು ಹಾಳೆ ಕೊಟ್ಟ. ಜರ್ಮನಿಯ ದೊಡ್ಡ ಗರಗಸ, ಬಾಯ್ಲರು, ಜನರೇಟರು, ಐದು ಲಾರಿ. ಲೊಕಾಡಿಯಾ ಹಾಳೆ ತಿರುಗಿಸಿ ನೋಡಿದಳು, ಹಿಂದೆ ಏನಾದರೂ ನಗೆಚಾಟಿಕೆ ಬರೆದಿದ್ದಾನೋ ಎಂದು.

"ಇವೆಲ್ಲ ನೀವು ದುಡಿದ ಉಪಕರಣವಾ, ಬಾಸ್?" ಎಂದಳು.

"ಬಡಗಿ ಉಳಿ ಹಿಡೀತಾನೆ, ಡ್ರೈವರು ಲಾರಿ ಹಿಡೀತಾನೆ. ನಾನು ಲೆಕ್ಕ ಹಿಡೀತೀನಿ. ಲೆಕ್ಕದಲ್ಲಿ ಇರೋದೆಲ್ಲ ನನ್ನ ಉಪಕರಣ," ಎಂದ ಚಿಟಾಕಾ. "ವಕೀಲರನ್ನ ಕೇಳಿದೀನಿ. ನಿಯಮದಲ್ಲಿ ಎಷ್ಟು ಉಪಕರಣ ಅಂತ ಬರ್ದಿಲ್ಲ."

ಚಾಪೆ ಕೆಳಗೆ ತೂರಿದರೆ ರಂಗೋಲಿ ಕೆಳಗೆ ತೂರುವ ಗಿರಾಕಿ ಎಂದು ಅವನನ್ನು ಎಲ್ಲರೂ ಬಲ್ಲರು, ಆದರೆ ಗರಗಸದ ಕೆಳಗೂ ತೂರಬಲ್ಲ ಎಂದು ಯಾರೂ ಎಣಿಸಿರಲಿಲ್ಲ. ಎಂಟು ವಸ್ತುಗಳಿಗೆ ಒಟ್ಟು ಬೆಲೆ ಇವತ್ತಿನ ದರದಲ್ಲಿ ಏಳು ಡಾಲರೂ ಆಗುತ್ತಿರಲಿಲ್ಲ. ಗರಗಸ ಹೋದರೆ ಮಿಲ್ಲಿನಲ್ಲಿ ಉಳಿಯುವುದು ಗೋಡೆ ಮತ್ತು ನೂರ ನಲವತ್ತು ಸಂಸಾರ. ದರ ಇವತ್ತಿನದೇ ಇರಲಿ, ಕಾನೂನು ಹೇಳಿದ್ದು ಅದನ್ನೇ ಎಂದು ಚಿಟಾಕಾ ಎದ್ದು ಬಾಗಿಲು ತೆಗೆದ.

ಅಲ್ಲಿಂದ ಶುರುವಾಯಿತು ಅವಳ ಓಡಾಟ. ಒಂದು ದಿನದಲ್ಲಿ ನಾಲ್ಕು ಸಲ ಗರಗಸದ ಹತ್ತಿರ ಹೋಗಿ ಬಂದಳು. ಅಲ್ಲಿ ದಿಮ್ಮಿ ತಳ್ಳುವವರು ಇವಳೇಕೆ ಬಂದು ಯಂತ್ರವನ್ನು ಸವರುತ್ತಾಳೆ ಎಂದು ಮುಖ ಮುಖ ನೋಡಿಕೊಂಡರು. ಮನೆಯಲ್ಲಿ ಸಾದ್ಜಾ ಮುದ್ದೆ ತಿರುವುತ್ತ ನಿಂತವಳು ಸೌಟು ಅಲ್ಲೇ ಬಿಟ್ಟು ಹಿತ್ತಲಿಗೆ ಹೋಗುವಳು. ತಳ ಹಿಡಿದ ಮುದ್ದೆಯನ್ನು ಗಂಡ ಮೇಷ್ಟ್ರು ತುಟಿಪಿಟಕ್ಕೆನ್ನದೆ ತಿನ್ನುವನು. ತೊಳೆದ ತಟ್ಟೆಗಳನ್ನೇ ಮತ್ತೆ ತೊಳೆದಳು. ಅತ್ತ ದರಿ, ಇತ್ತ ಪುಲಿ. ಕೊಂಡ ದಿನದ ದರ ಹಿಡಿದರೆ ಮಿಲ್ಲು ಉಳಿಯುತ್ತದೆ, ಸೋಕೊನ ಲಾರಿಯ ಬೆಲೆ ಹನ್ನೊಂದು ಸಾವಿರದ ಎಂಟುನೂರ ಅರವತ್ತು ಅಮೆರಿಕದ ಡಾಲರು ಆಗುತ್ತದೆ. ಅಷ್ಟು ದುಡ್ಡನ್ನು ಅವನು ಕನಸಿನಲ್ಲೂ ಮುಟ್ಟುವುದಿಲ್ಲ.

ಹಾವೂ ಸಾಯಬಾರದು ಕೋಲೂ ಮುರಿಯಬಾರದು ಎಂಬ ದಾರಿಯನ್ನೂ ಹುಡುಕಿದಳು. ಕೊಂಡ ದಿನದ ದರವನ್ನೇ ಹಿಡಿದು, ಲಾರಿ ಕೊಂಡ ಆ ಒಂದು ದಿನಕ್ಕೆ ಮಾತ್ರ ಸುಳ್ಳು ದರ ಹಾಕಿದರೆ ಹೇಗೆ? ಎರಡು ಸಾವಿರದ ಹದಿನಾರರ ಆಗಸ್ಟ್ ಹನ್ನೆರಡು. ಹಾಕಿ ನೋಡಿದಳು. ಲಾರಿ ಮೂವತ್ತೈದು ಸೆಂಟಿಗೆ ಇಳಿಯಿತು. ಅದರ ಜತೆ ಗರಗಸವೂ ಎರಡು ಡಾಲರು ಹತ್ತು ಸೆಂಟಿಗೆ ಇಳಿಯಿತು. ಎರಡೂ ಬೆಯಿರಾ ಬಂದರಿಗೆ ಒಂದೇ ಹಡಗಿನಲ್ಲಿ, ಒಂದೇ ಬಿಲ್ಲಿನಲ್ಲಿ ಬಂದವು ಎಂಬುದು ಆಮೇಲೆ ನೆನಪಾಯಿತು. ಅದೇ ದಿನಕ್ಕೆ ಎರಡನೆಯ ದರ ಕೊಡಲು ಹೋದಾಗ, ಈ ತಾರೀಖಿಗೆ ದರ ಈಗಾಗಲೇ ಇದೆ ಎಂದು ಕೆಂಪು ಅಕ್ಷರ ಬಂತು. ಮೂರು ಸಲ ಪ್ರಯತ್ನಿಸಿದಳು, ಮೂರು ಸಲವೂ ಅದೇ ಕೆಂಪು. ಲಾರಿಯ ತಾರೀಖನ್ನೇ ಒಂದು ದಿನ ಸರಿಸೋಣವೆಂದರೆ ಬಂದರಿನ ಕಾಗದದ ನಕಲು ಚಿಟಾಕಾನ ಕಪಾಟಿನಲ್ಲಿತ್ತು. ಒಂದನ್ನು ತಿದ್ದಿದರೆ ಎಂಟನ್ನೂ ತಿದ್ದು ಎನ್ನಲು ಅವನಿಗೆ ಅಷ್ಟು ಸಾಕು. ಹಾಕಿದ ಸುಳ್ಳು ದರವನ್ನು ಅಳಿಸಿಬಿಟ್ಟಳು.

ನಾಚಿಕೆ ಬಿಟ್ಟು ಹರಾರೆಗೂ ಬರೆದಳು. ಮೂವತ್ತೊಂದು ವರ್ಷ ದುಡಿದ ಚಾಲಕನೊಬ್ಬನಿಗೆ ಲಾರಿಯನ್ನು ಕಡಿಮೆ ಬೆಲೆಗೆ ಕೊಡಬಹುದೇ ಎಂದು. ಮರುದಿನವೇ ಉತ್ತರ ಬಂತು: ಪುಸ್ತಕದ ಬೆಲೆಯೇ ಬೆಲೆ, ಒಬ್ಬರಿಗೊಂದು ಇನ್ನೊಬ್ಬರಿಗೊಂದು ಎಂದರೆ ನಾಳೆ ಎಲ್ಲರೂ ಕೋರ್ಟಿಗೆ ಹೋಗುತ್ತಾರೆ. ಅಡಿಯಲ್ಲಿ ಮೂವರ ಸಹಿ. ಗರಗಸದ ವಿಷಯ ಅವರ ಕಿವಿಗೆ ಬಿದ್ದಿದೆಯೋ ಇಲ್ಲವೋ ತಿಳಿಯಲಿಲ್ಲ. ಇವಳೂ ಬರೆಯಲಿಲ್ಲ, ನಿಯಮದ ಪ್ರಕಾರ ಚಿಟಾಕಾ ಕೇಳಿದ್ದರಲ್ಲಿ ತಪ್ಪು ಹುಡುಕುವುದು ಹೇಗೆ ಎಂದು ಅವಳಿಗೇ ಗೊತ್ತಿರಲಿಲ್ಲ.

ಭಾನುವಾರ ಚರ್ಚು ಮುಗಿದ ಮೇಲೆ ದಂಗಂವುರ ಬಡಾವಣೆಯಲ್ಲಿದ್ದ ಮತಿಕಿತಿಯ ಮನೆಗೆ ಹೋದಳು. ಲಾರಿ ನಿನಗೆ ಸಿಗಲಿಕ್ಕಿಲ್ಲ ಎಂದು ಮೊದಲೇ ಹೇಳಿಬಿಡುವುದು ಎಂದು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡಿದ್ದಳು. ಮುದುಕ ಅಂಗಳದಲ್ಲಿ ಆರು ಟೈರುಗಳನ್ನು ಸಾಲಾಗಿ ನಿಲ್ಲಿಸಿ ಒದ್ದೆ ಬಟ್ಟೆಯಿಂದ ಒರೆಸುತ್ತಿದ್ದ. ಓಡದ ಟೈರಿಗೆ ಎಲ್ಲಿಯ ಕೆಸರು? ಅವನ ಹೆಂಡತಿ ಬೇಯಿಸಿದ ಕೆಸುವಿನ ಗೆಡ್ಡೆ, ಚಹಾ ತಂದಿಟ್ಟು ಲೊಕಾಡಿಯಾಳನ್ನು ವಿಚಾರಿಸಿ ಒಳಗೆ ಹೋದಳು. ಗಂಡನ ಕಡೆ ತಿರುಗಲಿಲ್ಲ.

"ಏನೇ, ಕಾಲು ಸುಟ್ಟ ಬೆಕ್ಕು," ಎಂದ ಮತಿಕಿತಿ. "ಕೂತ್ಕೋ. ನಿನ್ನ ಗಂಡ ಸೊರಗಿದಾನಂತೆ, ಸುಟ್ಟ ಮುದ್ದೆ ಹಾಕ್ತೀಯಂತೆ. ನಿಮ್ಮಪ್ಪನ ಹತ್ರ ತೆರದ ಕರು ಹೊಡ್ಕೊಂಡು ಬಂದು ಮದುವೆ ಮಾಡಿಸಿದೋನು ನಾನು. ಮುದ್ದೆ ಸರಿಯಿಲ್ಲ ಅಂದ್ರೆ ನಿನ್ನ ಗಂಡ ಕರು ವಾಪಸ್ ಕೇಳ್ತಾನೆ, ಏನ್ ಮಾಡ್ಲಿ?"

ಅವಳು ನಕ್ಕಳು. ನಗಲೇಬೇಕಲ್ಲ. ಮೊದಲ ಬಾಳೆಗೊನೆ ನಿನ್ನ ಮನೆ ಬಾಗಿಲಿಗೇ ಇಳಿಸುತ್ತೇನೆ, ಕಾಸು ಕೇಳುವುದಿಲ್ಲ, ನಿನ್ನ ಕುರ್ಚಿ ಮಾತ್ರ ಒಯ್ಯುತ್ತೇನೆ, ಅದು ಹೊಸದಾಗೇ ಇದೆಯಲ್ಲ ಎಂದು ಅವನು ಹೇಳುತ್ತಲೇ ಹೋದ. ಜೋಡಿಸಿಕೊಂಡ ಮಾತುಗಳಲ್ಲಿ ಒಂದೂ ಬಾಯಿಗೆ ಬರಲಿಲ್ಲ. ಹೇಡಿ ನಾನು ಎಂದು ತನ್ನನ್ನೇ ಬೈದುಕೊಳ್ಳುತ್ತ ಕೊಂಬಿ ಸಿಗದೆ ಆರು ಕಿಲೋಮೀಟರು ನಡೆದೇ ಬಂದಳು.

ಶುಕ್ರವಾರ ಲೆಕ್ಕಪರಿಶೋಧಕರ ಕಡೆಯಿಂದ ಒಬ್ಬ ತರುಣಿ ಬಂದಳು. ಹೊಸ ಸಾಫ್ಟ್‌ವೇರಿನ ದರಗಳನ್ನು ನೋಡಿ, ಸರಿಯಿದ್ದರೆ ಬೀಗ ಹಾಕಿ ಹೋಗುವುದು ಅವಳ ಕೆಲಸ. ಬೀಗ ಬಿದ್ದ ಮೇಲೆ ಮ್ಯಾನೇಜರೂ ತಿದ್ದುವಂತಿಲ್ಲ. ಚಿಟಾಕಾ ಅಂದು ಬ್ಯಾಂಕಿಗೆ ಹೋಗಿದ್ದ. ಲೊಕಾಡಿಯಾ ಹಳೆಯ ಬಿಲ್ಲುಗಳ ಕಡತವನ್ನು ಎದೆಗವಚಿಕೊಂಡು ಬಂದು ಮೇಜಿನ ಮೇಲಿಟ್ಟಳು. ಪ್ರತಿ ಯಂತ್ರಕ್ಕೂ ಹೊರದೇಶಕ್ಕೆ ಕಳಿಸಿದ ನಿಜವಾದ ಡಾಲರಿನ ರಸೀದಿ. ತರುಣಿ ಅವನ್ನು ಒಂದೊಂದಾಗಿ ನೋಡುವಷ್ಟು ಹೊತ್ತೂ ಲೊಕಾಡಿಯಾ ಕಿಟಕಿಯಿಂದ ಬಾಗಿಲಿಗೆ, ಬಾಗಿಲಿಂದ ಕಿಟಕಿಗೆ ನಡೆದಳು. ಕಿಟಕಿಯಲ್ಲಿ ಏಳನೆಯ ಲಾರಿ ಕಾಣುತ್ತಿತ್ತು. ಬಾಗಿಲಲ್ಲಿ ಗರಗಸದ ಸದ್ದು ಕೇಳುತ್ತಿತ್ತು.

ಯಾವ ದರ ಹಿಡಿಯೋಣ ಎಂದು ತರುಣಿ ಕೇಳಿದಳು.

"ಕೊಂಡ ದಿನದ್ದು," ಎಂದಳು ಲೊಕಾಡಿಯಾ. ತಾನೇ ಬಾಗಿ ಗುರುತು ಹಾಕಿದಳು. ಈ ಸಲವೂ ಒಂದೇ ಬೆರಳು, ಒಂದೇ ಸಲ. ಐದು ವರ್ಷ ಪ್ಯಾರಾ ಬರೆದು ಬರೆದು ಸಾಕಾಗಿತ್ತು, ಮೊದಲ ಬಾರಿ ನಮ್ಮ ಮಾತು ಕೇಳಿದಿರಿ ಎಂದು ತರುಣಿ ಖುಷಿಯಿಂದ ಬೀಗ ಹಾಕಿ ಹೋದಳು.

ಸೋಮವಾರ ಬೆಳಿಗ್ಗೆ ಚಿಟಾಕಾ ತನ್ನ ಪಟ್ಟಿಯ ಬೆಲೆ ನೋಡಿದ. ಎರಡು ಲಕ್ಷದ ಮೂವತ್ತು ಸಾವಿರ ಡಾಲರು. ಅವನು ಕೂಗಾಡುತ್ತಾನೆ ಎಂದು ಎಲ್ಲರೂ ಕಾದರು. ಅವನು ಕೂಗಾಡಲಿಲ್ಲ, ನಿವೃತ್ತಿಯ ಪತ್ರವನ್ನು ವಾಪಸು ತೆಗೆದುಕೊಂಡು ಹನ್ನೊಂದಕ್ಕೆ ಎಂದಿನಂತೆ ಚಹಾ ತರಿಸಿಕೊಂಡ. ಇನ್ನು ಆರು ವರ್ಷ ಜತೆಗೇ ಕೆಲಸ ಮಾಡೋಣ, ಅವಸರವೇನಿದೆ ಎಂದು ಲೊಕಾಡಿಯಾಳಿಗೆ ಮೆಲ್ಲಗೆ ಹೇಳಿದ. ಆ ಮೆಲುದನಿ ಅವಳಿಗೆ ಬೈಗುಳಕ್ಕಿಂತ ಹೆಚ್ಚು ಭಯ ಹುಟ್ಟಿಸಿತು.

ಮಂಗಳವಾರ, ಮೂವತ್ತನೆಯ ತಾರೀಖು, ಮಧ್ಯಾಹ್ನದ ಊಟದ ಹೊತ್ತಿಗೆ ಮತಿಕಿತಿ ಬಂದ. ಇಸ್ತ್ರಿ ಮಾಡಿದ ಅಂಗಿ, ಹೊಳೆಯುವ ಬೂಟು. ಅವಳ ಕುರ್ಚಿಯ ಮೇಲೆ ತಾನೇ ಕೂತು, ಲಾರಿಯ ಕೀಲಿಕೈಯನ್ನು ಮೇಜಿನ ಮೇಲಿಟ್ಟು, ಅದರ ಪಕ್ಕದಲ್ಲಿ ಒಂದು ಡಾಲರಿನ ನೋಟು ಇಟ್ಟ.

"ಮೂವತ್ತೈದು ಸೆಂಟು ಮುರ್ಕೋ. ಚಿಲ್ಲರೆ ಬೇಡ, ಪೆನ್ನೂ ಬೇಡ. ಉಳಿದಿದ್ದು ನಿನ್ನ ಗಂಡಂಗೆ ಬ್ರೆಡ್ಡು ತಗೊಂಡೋಗು."

ಅವಳು ನಿಂತೇ ಇದ್ದಳು. ಯಾವತ್ತೂ ನಿಲ್ಲದ ಅವಳ ಕಾಲುಗಳು ಅಂದು ನೆಲಕ್ಕೆ ಅಂಟಿಕೊಂಡಿದ್ದವು.

"ಹನ್ನೊಂದು ಸಾವಿರದ ಎಂಟುನೂರ ಅರವತ್ತು, ಸೋಕೊ. ಅಮೆರಿಕದ್ದು."

"ತಮಾಷೆ ಮಾಡೋ ಹಕ್ಕು ನಂದು, ನಿಂದಲ್ಲ," ಎಂದು ಅವನು ನಕ್ಕ. ಆಮೇಲೆ ಅವಳ ಮುಖ ನೋಡಿ ನಗು ನಿಲ್ಲಿಸಿದ.

ಅವಳು ಎಲ್ಲವನ್ನೂ ಹೇಳಿದಳು. ಚಿಟಾಕಾನ ಪಟ್ಟಿ, ಒಂದೇ ಹಡಗಿನಲ್ಲಿ ಬಂದ ಗರಗಸ, ಹರಾರೆಯ ಉತ್ತರ, ಬೀಗ. ಭಾನುವಾರ ಹೇಳಲು ಬಂದು ಹೇಳದೆ ಹೋದದ್ದನ್ನೂ ಹೇಳಿದಳು. ಇದನ್ನು ಮಾಡಿದವರು ಯಾರು ಎಂದು ಅವನು ಕೇಳಿದ. ನಾನೇ, ಯಾರೂ ಹೇಳಿ ಮಾಡಿಸಲಿಲ್ಲ ಎಂದಳು.

ಹಾಗಾದರೆ ಟೈರುಗಳನ್ನು ಚಿಟಾಕಾನಿಗೇ ಮಾರುತ್ತೇನೆ, ಪುಸ್ತಕದ ಬೆಲೆಗೆ ಎಂದ ಮತಿಕಿತಿ. ಅವಳಿಗೆ ನಗು ಬರಲಿಲ್ಲ. ಅವನಿಗೂ ಬರಲಿಲ್ಲ.

"ಸರಿಯಾಗೇ ಮಾಡಿದೀಯ," ಎಂದ. "ಆ ಲಾರಿ ಮೂವತ್ತೈದು ಸೆಂಟಿಂದಲ್ಲ. ಓಡ್ಸಿದೋನಿಗೆ ಗೊತ್ತಿಲ್ವಾ? ಈಗ ನನ್ನ ಉಳಿತಾಯದ್ದೂ ಆ ಯಂತ್ರದಲ್ಲಿ ಹಾಕು. ದುಡ್ಡು ಕಟ್ಟಿದ ದಿನದ ದರ ಹಿಡಿ."

"ಅದರಲ್ಲಿ ಅದು ಬರಲ್ಲ. ಅದು ಆಸ್ತಿಗೆ ಮಾತ್ರ."

"ಅವತ್ತು ಒಂದು ಅಂತ ಒತ್ತಿದ್ದು ನಿನ್ನ ಬೆರಳೇ ಅಲ್ವಾ? ಲಾರಿಗೂ ಒತ್ತಿದೆ, ನನಗೂ ಒತ್ತಿದೆ. ಲಾರಿದು ಈಗ ಸರಿ ಮಾಡ್ದೆ. ನಂದು?"

2019ರಲ್ಲಿ ಉಳಿತಾಯ ನಿಧಿಯ ಪುಸ್ತಕ ಬರೆದವಳೂ ಅವಳೇ; ಎಲ್ಫಾಸ್ ಮತಿಕಿತಿ, ಒಂಬತ್ತು ಸಾವಿರದ ನಾನೂರು ಎಂಬ ಸಾಲು ಅವಳಿಗೆ ಬಾಯಿಪಾಠ. ಇವತ್ತಿನ ದರದಲ್ಲಿ ಅದು ಇಪ್ಪತ್ತೆಂಟು ಸೆಂಟು. ಅಂದು ಕಾನೂನು ಹೇಳಿತು, ಒತ್ತಿದೆ ಎಂದು ಐದು ವರ್ಷ ತನಗೆ ತಾನೇ ಹೇಳಿಕೊಂಡದ್ದು ಈ ಮುದುಕನ ಮುಂದೆ ಹೇಳಲು ನಾಚಿಕೆಯಾಯಿತು. ಇಷ್ಟು ನಾಚಿಕೆ ಅವಳಿಗೆ ಜೀವನದಲ್ಲಿ ಎಂದೂ ಆಗಿರಲಿಲ್ಲ.

"ಯಂತ್ರ ಬೇಡ ಬಿಡು. ಕಾಗದದಲ್ಲಿ ಬರ್ಕೊಡು," ಎಂದ ಅವನು.

ಮಿಲ್ಲಿನ ಹೆಸರಿದ್ದ ಹಾಳೆ ತೆಗೆದು ಅವಳು ನಿಂತುಕೊಂಡೇ ಬರೆದಳು. ಚಾಲಕ ಎಲ್ಫಾಸ್ ಮತಿಕಿತಿಯ ಉಳಿತಾಯ 2019ರ ಫೆಬ್ರವರಿಯವರೆಗೆ ಒಂಬತ್ತು ಸಾವಿರದ ನಾನೂರು ಅಮೆರಿಕದ ಡಾಲರು. ಅದರಲ್ಲಿ ಅವನು ಒಂದು ಸೆಂಟನ್ನೂ ಹಿಂದಕ್ಕೆ ತೆಗೆದುಕೊಂಡಿಲ್ಲ. ಅದನ್ನು ಒಂದಕ್ಕೆ ಒಂದರಂತೆ ಊರ ಡಾಲರಿಗೆ ತಿರುಗಿಸಿದವಳು ನಾನು. ಸಹಿ ಹಾಕಿದಳು, ಮುದ್ರೆ ಒತ್ತಿದಳು. ಅವನು ಕನ್ನಡಕ ಹಾಕಿಕೊಂಡು ಎರಡು ಸಲ ಓದಿದ.

"ಇದನ್ನ ತೋರ್ಸಿದ್ರೆ ಯಾರಾದ್ರೂ ಏನಾದ್ರೂ ಕೊಡ್ತಾರಾ?"

"ಇಲ್ಲ, ಸೋಕೊ. ಯಾರೂ ಏನೂ ಕೊಡಲ್ಲ."

"ಗೊತ್ತು. ಹೆಂಡ್ತಿಗೆ ತೋರಿಸ್ಬೇಕು," ಎಂದ. "ಒಂಬತ್ತು ಸಾವಿರ ಅದು ಹೇಗೆ ಕೂತಲ್ಲೇ ಕರಗುತ್ತೆ ಅಂತಾಳೆ. ನಾನೂ ಬೇರೆಯವರ ಹಾಗೆ ಆಗ್ಲೇ ತಗೊಂಡು, ಬೆಯಿರಾ ದಾರೀಲಿ ಕುಡಿದು ಕಳೆದೆ ಅಂತಾನೇ ಐದು ವರ್ಷದಿಂದ ಅಂದ್ಕೊಂಡಿದಾಳೆ."

ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ಅಂಗಿಯ ಜೇಬಿಗೆ ಹಾಕಿ ಗುಂಡಿ ಹಾಕಿಕೊಂಡ. ಕೀಲಿಕೈಯನ್ನು ಅವಳ ಕಡೆ ಸರಿಸಿದ. ಬಾಗಿಲವರೆಗೆ ಹೋದವನು ಹಿಂದಿರುಗಿ ಬಂದು, ಕೊಂಬಿಗೆ ಬೇಕು ಎಂದು ಮೇಜಿನ ಮೇಲಿದ್ದ ಡಾಲರನ್ನು ಎತ್ತಿಕೊಂಡು ಹೋದ.